ಕಿಟ್ಟೆಲರ ನಿಘಂಟು ಮತ್ತು ಬರಿದಾಗುತ್ತಿರುವ ಪ್ರಾರ್ಥನಾಮಂದಿರಗಳು

ಮತಪ್ರಚಾರಕ್ಕೆಂದು ಬರೆದ ಗ್ರಂಥಗಳಿಗೆ ಸಾಹಿತ್ಯದಲ್ಲಿ ಯಾವ ಸ್ಥಾನವಿರುವದೆಂಬ ಪ್ರಶ್ನೆಯು ಹಳೆಯದು. ಆ ಮತದ ಮೇಲಣ ನಂಬಿಕೆಯೇ ಅದು ಹೊರಟುಬಂದ ನಾಡಿನಲ್ಲಿ ಕುಗ್ಗಿದ ಮೇಲೆ ಆ ಗ್ರಂಥಗಳ ಗತಿಯೇನೆಂಬ ಪ್ರಶ್ನೆಯಾದರೋ ಈಚಿನದು. ಯುರೋಪಖಂಡದಲ್ಲಿ ಕ್ರೈಸ್ತಶ್ರದ್ಧೆಯು ಇಳಿಮುಖವಾಗಿರುವ ಸುದ್ದಿಯನ್ನು ವೃತ್ತಪತ್ರಗಳಲ್ಲಿ ಓದುವ ನಮ್ಮ ಜನರು, ಅದು ಸಮುದ್ರದಾಚೆಯ ಸಂಗತಿಯೆಂದು ಬದಿಗಿಡುವದುಂಟು. ಧಾರವಾಡ ಸೀಮೆಯ ಕನ್ನಡಿಗರಿಗೆ ಅದು ಅಷ್ಟು ದೂರದ ಮಾತಲ್ಲ. ಇಲ್ಲಿಯ ಓದುಬಲ್ಲ ಮನೆಗಳ ಕಪಾಟಿನಲ್ಲಿ ಇರುವ ಅತ್ಯಂತ ದೊಡ್ಡ ಕನ್ನಡ ಪುಸ್ತಕಗಳಲ್ಲೊಂದು ಆ ಶ್ರದ್ಧೆಯ ಫಲವಾಗಿಯೇ ಹುಟ್ಟಿದ್ದು. ಆ ಶ್ರದ್ಧೆಯು ಒಣಗಿದರೆ ಕನ್ನಡಕ್ಕೆ ಆಗುವದೇನು, ಆಗದೆ ಇರುವದೇನು ಎಂಬುದನ್ನು ವಿಚಾರಿಸುವದು ಸಾಹಿತ್ಯವಿಮರ್ಶೆಯ ಕೆಲಸವೇ ಆಗಿರುತ್ತದೆ.

ಬಾಸೆಲ್ ಮಿಶನ್ನು ಸ್ವಿಟ್ಜರ್ಲಂಡದ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಯಿತು. ಕಂಪನಿ ಸರಕಾರದ 1833ರ ಸನದಿನಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಹಿಂದುಸ್ಥಾನದ ಬಾಗಿಲು ತೆರೆಯಲಾಗಿ, 1834ರಲ್ಲಿ ಆ ಸಂಸ್ಥೆಯ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ನಮ್ಮ ಸೀಮೆಯಲ್ಲಿ ಅವರ ಠಾಣ್ಯಗಳಾದವು. ಬಂದವರಲ್ಲಿ ಬಹುಜನ ಜರ್ಮನಿಯ ವುರ್ಟೆಂಬರ್ಗ ಪ್ರಾಂತದವರು. ಮನೆಯಲ್ಲಿ ಬೈಬಲ್ಲಿನ ಪಾರಾಯಣ, ಊಟಕ್ಕೆ ಮುನ್ನ ಪ್ರಾರ್ಥನೆ, ಆದಿತ್ಯವಾರ ದೇವಮಂದಿರ, ಇವು ತಪ್ಪದ ಕುಟುಂಬಗಳಲ್ಲಿ ಬೆಳೆದವರು. ಹೆರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು; 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಲೋಕಕ್ಕೆ ಕೊಟ್ಟರು. ಮಂಗಳೂರಿನಲ್ಲಿ ಅಚ್ಚಾದ ಈ ಮಹಾಗ್ರಂಥದ ಕೆಲಸವು ಧಾರವಾಡದಲ್ಲಿಯೂ ನಡೆಯಿತೆಂಬುದು ಈ ಸೀಮೆಯವರು ಹೆಮ್ಮೆಯಿಂದ ನೆನೆಯುವ ಮಾತು.

ಇಷ್ಟು ಎಲ್ಲರೂ ಬಲ್ಲ ಕಥೆ. ಆದರೆ ಇವರು ಬಂದದ್ದು ನಿಘಂಟು ಬರೆಯುವದಕ್ಕಲ್ಲ. ನಮ್ಮ ದರ್ಶನಶಾಸ್ತ್ರಗಳ ಪರಿಭಾಷೆಯಲ್ಲಿ ಹೇಳುವದಾದರೆ, ಸುವಾರ್ತೆಯು ಇವರ ಸಿದ್ಧಾಂತ. ಕನ್ನಡದ ಕಾವ್ಯ, ಪುರಾಣ, ಗಾದೆ, ವ್ಯಾಕರಣಗಳು ಇವರ ಪೂರ್ವಪಕ್ಷ. ಪೂರ್ವಪಕ್ಷವನ್ನು ಚೆನ್ನಾಗಿ ಅರಿಯದೆ ಸಿದ್ಧಾಂತವನ್ನು ಸ್ಥಾಪಿಸಲಾಗದೆಂಬ ನಿಯಮವು ನಮ್ಮ ಶಾಸ್ತ್ರಕಾರರಿಗೆ ಪರಿಚಿತವಾದದ್ದು. 14ನೆಯ ಶತಮಾನದ ಸರ್ವದರ್ಶನಸಂಗ್ರಹವು ಚಾರ್ವಾಕನ ಮತದಿಂದಲೇ ಆರಂಭವಾಗುತ್ತದೆ. ಚಾರ್ವಾಕರ ಸ್ವಂತ ಗ್ರಂಥಗಳು ನಷ್ಟವಾದ ಮೇಲೆ ಅವರ ಮಾತು ಬಹುಮಟ್ಟಿಗೆ ಉಳಿದದ್ದು ಅವರನ್ನು ಖಂಡಿಸಿದವರ ಪುಟಗಳಲ್ಲಿಯೇ. ಕಿಟ್ಟೆಲರ ವಿಷಯದಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತು. ಪೂರ್ವಪಕ್ಷಕ್ಕೆಂದು ಕೂಡಿಸಿದ ಸಾಮಗ್ರಿಯು ಬೆಳೆದು ಬೆಳೆದು ತಾನೇ ಗ್ರಂಥವಾಯಿತು. ಯಾವ ಸಿದ್ಧಾಂತಕ್ಕಾಗಿ ಅದನ್ನು ಕೂಡಿಸಿದರೋ ಅದು ಇಲ್ಲಿಯ ಬಹುಜನರ ಕಿವಿಯನ್ನು ಮುಟ್ಟಿ ಹಿಂದಿರುಗಿತು. ಇಂದು ಕಿಟ್ಟೆಲರ ನಿಘಂಟನ್ನು ತೆರೆಯುವ ನೂರು ಜನರಲ್ಲಿ ಅವರ ಉಪದೇಶವನ್ನು ಅರಸುವವರು ಎಷ್ಟು ಮಂದಿ?

ಇನ್ನು ಆ ಸಿದ್ಧಾಂತದ ತೌರುಮನೆಯ ಸ್ಥಿತಿಯನ್ನು ನೋಡತಕ್ಕದ್ದು. ಇಂಗ್ಲಂಡ ಮತ್ತು ವೇಲ್ಸ್ ದೇಶಗಳ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಯಿಸಿದವರು 2001ರಲ್ಲಿ ಶೇಕಡಾ 71.7, 2011ರಲ್ಲಿ 59.3, 2021ರಲ್ಲಿ 46.2. ಜರ್ಮನಿಯಲ್ಲಿ ಎರಡು ದೊಡ್ಡ ಸಭೆಗಳ ಸದಸ್ಯರು ಕೂಡಿಯೂ 2022ರ ಹೊತ್ತಿಗೆ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರು. 2023ರೊಂದರಲ್ಲಿಯೇ ಸುಮಾರು 4 ಲಕ್ಷ ಕ್ಯಾಥೊಲಿಕರು ತಮ್ಮ ಸಭೆಯನ್ನು ಬಿಟ್ಟರು. ಸ್ವಿಟ್ಜರ್ಲಂಡದಲ್ಲಿ 2022ರ ಲೆಕ್ಕದಂತೆ ಯಾವ ಮತಕ್ಕೂ ಸೇರದವರು ಶೇಕಡಾ 34 ಆಗಿ, ಯಾವದೊಂದು ಸಭೆಗಿಂತಲೂ ದೊಡ್ಡ ಗುಂಪಾಗಿದ್ದಾರೆ. ಬಾಸೆಲ್ ನಗರಪ್ರಾಂತದಲ್ಲಂತೂ ಅವರು ಅರ್ಧಕ್ಕೂ ಮಿಕ್ಕಿದ್ದಾರೆ. ಧಾರವಾಡಕ್ಕೆ ಉಪದೇಶಕರನ್ನು ಕಳಿಸಿದ ಊರಿನಲ್ಲಿಯೇ ಉಪದೇಶವನ್ನು ಕೇಳುವವರು ಅಲ್ಪಸಂಖ್ಯಾತರಾದರು. ಆ ಹಳೆಯ ಮಿಶನ್ನು 2001ರಲ್ಲಿ ಬೇರೆ ಸಂಸ್ಥೆಗಳೊಡನೆ ಕೂಡಿ 'ಮಿಶನ್ 21' ಎಂಬ ಹೆಸರನ್ನು ತಳೆಯಿತು.

ಇದಕ್ಕೆ ಕಾರಣಗಳು ಹಲವು. ಜರ್ಮನಿಯಲ್ಲಿ ಸಭೆಯ ಸದಸ್ಯನಾದವನಿಂದ ಆದಾಯತೆರಿಗೆಯ ನೂರಕ್ಕೆ 8 ಇಲ್ಲವೆ 9ರಷ್ಟು ಹಣವನ್ನು ಸರಕಾರವೇ ವಸೂಲುಮಾಡಿ ಸಭೆಗೆ ಕೊಡುತ್ತದೆ. ಬೇಡವೆಂದವನು ಕಚೇರಿಯಲ್ಲಿ ಬರೆದುಕೊಟ್ಟು ಹೊರಬೀಳಬಹುದು. ಹೀಗಾಗಿ, ಬೇರೆಡೆಗಳಲ್ಲಿ ಸದ್ದಿಲ್ಲದೆ ಸವೆಯುವ ನಂಬಿಕೆಯು ಅಲ್ಲಿ ಲೆಕ್ಕದ ಪುಸ್ತಕದಲ್ಲಿಯೇ ಕಾಣಿಸುತ್ತದೆ. ಶಾಲೆ, ಆಸ್ಪತ್ರೆ, ದೀನರ ಪೋಷಣೆ ಮೊದಲಾಗಿ ಹಿಂದೆ ಸಭೆಯು ಮಾಡುತ್ತಿದ್ದ ಕೆಲಸಗಳನ್ನು ಸರಕಾರವು ಬಹುಮಟ್ಟಿಗೆ ವಹಿಸಿಕೊಂಡಿತು. ಎರಡು ಮಹಾಯುದ್ಧಗಳಲ್ಲಿ ಕ್ರೈಸ್ತರೇ ಕ್ರೈಸ್ತರನ್ನು ಕೊಂದರು. ಮಕ್ಕಳ ಮೇಲೆ ಕೆಲವು ಪಾದ್ರಿಗಳು ನಡೆಸಿದ ಅತ್ಯಾಚಾರಗಳೂ, ಅವುಗಳನ್ನು ಮುಚ್ಚಿಟ್ಟ ಅಧಿಕಾರಿಗಳ ನಡತೆಯೂ ಬಯಲಾದ ಮೇಲೆ ಉಳಿದ ಗೌರವವೂ ಕರಗಿತು.

ಆದರೆ ವಿಮರ್ಶಕನು ಗಮನಿಸಬೇಕಾದ ಕಾರಣವು ಇನ್ನೂ ಹಿಂದಿನದು. ಡೇವಿಡ್ ಫ್ರೀಡ್ರಿಕ್ ಸ್ಟ್ರಾಸನೆಂಬ ತರುಣ ಪಂಡಿತನು ಸುವಾರ್ತೆಗಳಲ್ಲಿಯ ಅದ್ಭುತಗಳನ್ನು ಪುರಾಣಕಥೆಗಳೆಂದು ಪರೀಕ್ಷಿಸಿ 'ಯೇಸುವಿನ ಚರಿತ್ರೆ'ಯನ್ನು ಪ್ರಕಟಿಸಿದ್ದು 1835ರಲ್ಲಿ. ಅದಕ್ಕಾಗಿ ಕೆಲಸವನ್ನು ಕಳೆದುಕೊಂಡದ್ದು ವುರ್ಟೆಂಬರ್ಗದ ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ. ಮೋಗ್ಲಿಂಗರು ಓದಿದ್ದು ಅಲ್ಲಿಯೇ. ಮಲೆಯಾಳಕ್ಕೆ ನಿಘಂಟನ್ನು ಕೊಟ್ಟ ಹೆರ್ಮನ್ ಗುಂಡರ್ಟರು ಅದೇ ಸ್ಟ್ರಾಸನಲ್ಲಿ ಪಾಠ ಹೇಳಿಸಿಕೊಂಡವರು. ಸಂಶಯದಲ್ಲಿ ತೊಳಲಿ ಮತ್ತೆ ಶ್ರದ್ಧೆಗೆ ಮರಳಿದವರು. ಅವರ ಮಗಳ ಮಗನೇ ಹೆರ್ಮನ್ ಹೆಸ್ಸೆ. ಪಾದ್ರಿಯಾಗಲೆಂದು ಸೇರಿಸಿದ ಮೌಲ್‌ಬ್ರಾನ್ ಪಾಠಶಾಲೆಯಿಂದ 1892ರಲ್ಲಿ ಓಡಿಹೋದ ಈ ಹುಡುಗನು 1922ರಲ್ಲಿ 'ಸಿದ್ಧಾರ್ಥ'ವನ್ನು ಬರೆದನು. ಅಜ್ಜನು ಮಲೆಯಾಳದಲ್ಲಿ ಸುವಾರ್ತೆಯನ್ನು ಸಾರಿದರೆ, ಮೊಮ್ಮಗನು ಹಿಂದುಸ್ಥಾನದ ಕಥೆಯನ್ನು ಯುರೋಪಿಗೆ ಹೇಳಿದನು. ಹೀಗೆ ಶ್ರದ್ಧೆಯೂ ಸಂಶಯವೂ ಒಂದೇ ಗುರುಕುಲದ ಪಡಸಾಲೆಯಲ್ಲಿ ಕುಳಿತು ಓದಿದವು. ಒಂದು ಹಡಗು ಹತ್ತಿ ಕನ್ನಡನಾಡಿಗೆ ಬಂದಿತು; ಇನ್ನೊಂದು ಮನೆಯಲ್ಲಿಯೇ ಉಳಿದು ಬೆಳೆಯಿತು.

ಈ ಇಳಿಮುಖವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಬರುತ್ತವೆ. ಎರಡೂ ಪರೀಕ್ಷೆಗೆ ನಿಲ್ಲುವಂತೆ ತೋರುವದಿಲ್ಲ.

ಮೊದಲನೆಯದು ಸಂತೋಷಪಡುವವರ ಪಕ್ಷ. "ಅವರ ಗುಡಿ ಬರಿದಾಯಿತು, ನಮ್ಮ ಜಾತ್ರೆ ತುಂಬಿತು" ಎಂದು ಇವರು ಹೇಳುತ್ತಾರೆ. ಲೋಕದ ಲೆಕ್ಕದಲ್ಲಿಯೇ ಈ ಮಾತು ಪೂರ್ಣವಾಗಿ ನಿಜವಲ್ಲ. ಆಫ್ರಿಕಾಖಂಡದ ಕ್ರೈಸ್ತರ ಸಂಖ್ಯೆಯು ಈಗ ಯುರೋಪಿನದನ್ನು ಮೀರಿದೆ. ಹುಬ್ಬಳ್ಳಿ ಧಾರವಾಡಗಳ ಮಂದಿರಗಳಲ್ಲಿ ಆದಿತ್ಯವಾರದ ಕನ್ನಡ ಪ್ರಾರ್ಥನೆಯು ನಿಂತಿಲ್ಲ. ತೌರಿನಲ್ಲಿ ಮಂಕಾದ ದೀಪದಿಂದ ಹಚ್ಚಿಕೊಂಡ ಹಣತೆಯು ಇಲ್ಲಿ ಉರಿಯುತ್ತಲಿದೆ. ಅದು ಹಾಗಿರಲಿ, ಜಾತ್ರೆಯ ಗದ್ದಲವು ಶ್ರದ್ಧೆಯ ಅಳತೆಯೆ? ನವಲಗುಂದ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಲ್ಲಿ ಶ್ರಾವಣಮಾಸದ ಪುರಾಣಕ್ಕೆ ಕೂಡ್ರುವವರು ಯಾರು? ಮುಂದಿನ ಸಾಲಿನಲ್ಲಿ ಮುಪ್ಪಿನವರು. ಹಿಂದಿನ ಸಾಲು ಖಾಲಿ. ಜೈಮಿನಿಯ ಪದ್ಯವನ್ನು ರಾಗವಾಗಿ ಓದಬಲ್ಲವನೂ, ಅದಕ್ಕೆ ನಿಂತಲ್ಲಿಯೇ ಅರ್ಥ ಹೇಳಬಲ್ಲವನೂ ಊರಿಗೊಬ್ಬರಂತೆ ಇದ್ದ ಕಾಲವು ಹೋಯಿತು. ತೇರು ಮುಂಚಿಗಿಂತ ಎತ್ತರವಾಗಿದೆ. ಅದರ ಮುಂದೆ ಹಾಡುತ್ತಿದ್ದ ಹಾಡುಗಳು ಯಂತ್ರದ ಬಾಯಿಗೆ ಬಂದಿವೆ. ನೆರೆಮನೆಯ ಬಾವಿ ಬತ್ತಿತೆಂದು ನಗುವವನು ತನ್ನ ಬಾವಿಗೆ ಹಗ್ಗ ಬಿಟ್ಟು ನೋಡತಕ್ಕದ್ದು.

ಎರಡನೆಯದು ಸಾಹಿತ್ಯಪ್ರೇಮಿಗಳ ಪಕ್ಷ. ಇದು ಹೆಚ್ಚು ಗೌರವಕ್ಕೆ ಪಾತ್ರವಾದದ್ದು. ಮತವು ಹೋದರೂ ಚಿಂತೆಯಿಲ್ಲ, ಅದರ ಪೀಠದಲ್ಲಿ ಕಾವ್ಯವು ಕುಳಿತುಕೊಳ್ಳುವದೆಂಬುದು ಇವರ ಮತ. ಇಂಗ್ಲಿಷ್ ಕವಿ ಮ್ಯಾಥ್ಯೂ ಆರ್ನಲ್ಡನು 1867ರಲ್ಲಿ ಅಚ್ಚಾದ ತನ್ನ 'ಡೋವರ್ ಬೀಚ್' ಕವಿತೆಯಲ್ಲಿ ಶ್ರದ್ಧೆಯನ್ನು ಇಳಿಯುತ್ತಿರುವ ಸಮುದ್ರಕ್ಕೆ ಹೋಲಿಸಿದನು. 1880ರ ಪ್ರಬಂಧವೊಂದರಲ್ಲಿ ಮುಂದೆ ಮತದ ಕೆಲಸವನ್ನು ಬಹುಮಟ್ಟಿಗೆ ಕಾವ್ಯವೇ ಮಾಡಬೇಕಾಗುವದೆಂದು ಭವಿಷ್ಯ ನುಡಿದನು. 1955ರಲ್ಲಿ ಅಚ್ಚಾದ ಫಿಲಿಪ್ ಲಾರ್ಕಿನ್ನನ ಒಂದು ಕವಿತೆಯಲ್ಲಿ ನಂಬಿಕೆಯಿಲ್ಲದ ದಾರಿಹೋಕನು ಬರಿದಾದ ಮಂದಿರವನ್ನು ಹೊಕ್ಕು, ತಾನೇಕೆ ಬಂದೆನೆಂದು ತಿಳಿಯದೆ, ಆದರೂ ಇದು ಗಂಭೀರವಾದ ಸ್ಥಳವೆಂದು ಒಪ್ಪಿಕೊಳ್ಳುತ್ತಾನೆ. ಆರ್ನಲ್ಡನ ಭವಿಷ್ಯವು ಸತ್ಯವಾಗಿದ್ದರೆ ಆ ದಾರಿಹೋಕನಿಗೆ ಮಂದಿರದ ಹಂಬಲವೇ ಇರಬೇಕಾದದ್ದಿಲ್ಲ, ಕವಿತೆಯೇ ಸಾಕಾಗಬೇಕಾಗಿತ್ತು.

ಈ ವಾದವನ್ನು ಕನ್ನಡದಲ್ಲಿಯೇ ಪರೀಕ್ಷಿಸುವದಕ್ಕೆ ಎರಡು ಕೃತಿಗಳಿವೆ. ಕಿಟ್ಟೆಲರು 1862ರಲ್ಲಿ 'ಕಥಾಮಾಲೆ'ಯೆಂಬ ಕೃತಿಯಲ್ಲಿ ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಮಂಜೇಶ್ವರದ ಗೋವಿಂದ ಪೈಗಳು 1930ರ ದಶಕದಲ್ಲಿ 'ಗೊಲ್ಗೊಥಾ'ವೆಂಬ ಖಂಡಕಾವ್ಯದಲ್ಲಿ ಅದೇ ಕ್ರಿಸ್ತನ ಕಡೆಯ ದಿನವನ್ನು ಹಾಡಿದರು. ಮೊದಲನೆಯವರು ಕ್ರಿಸ್ತನಿಗಾಗಿ ಮನೆಮಾರು ಬಿಟ್ಟುಬಂದ ಭಕ್ತರು. ಎರಡನೆಯವರು ಬೇರೆ ಸಂಪ್ರದಾಯದಲ್ಲಿ ಹುಟ್ಟಿ ಬೆಳೆದ ವಿದ್ವಾಂಸರು. ಭಕ್ತನ ಕೃತಿಯನ್ನು ಇಂದು ಪಂಡಿತರು ಮಾತ್ರ ಬಲ್ಲರು. ಗೋವಿಂದ ಪೈಗಳ ಕೃತಿಯು ಕನ್ನಡಕಾವ್ಯದ ಚರಿತ್ರೆಯಲ್ಲಿ ನಿಂತಿತು. ಕಾರಣವೇನು?

ಭಾಷಾಪ್ರೌಢಿಯೊಂದನ್ನೇ ಕಾರಣವಾಗಿ ಹೇಳಿದರೆ ಸಾಲದು. ಕಾವ್ಯಪ್ರಕಾಶದಲ್ಲಿ ಮಮ್ಮಟನು ದೇವತಾವಿಷಯಕವಾದ ರತಿಯನ್ನು ರಸವೆನ್ನದೆ ಭಾವವೆಂದು ಎಣಿಸಿದ್ದಾನೆ. ಭಕ್ತಿಯನ್ನು ರಸವೆಂದು ಸ್ಥಾಪಿಸಿದ ಮಧುಸೂದನ ಸರಸ್ವತಿಗಳಂಥ ಆಚಾರ್ಯರೂ ಅದಕ್ಕೆ ದ್ರವಿಸಿದ ಚಿತ್ತವು ಬೇಕೆಂದು ಒಪ್ಪುತ್ತಾರೆ. ಅಂದಮೇಲೆ ಭಕ್ತಿಕಾವ್ಯಕ್ಕೆ ಭಕ್ತರ ಸಭೆಯೇ ಸಹೃದಯರ ಸಭೆ. ದಾಸರ ಪದಕ್ಕೆ ಏಕಾದಶಿಯ ಜಾಗರಣೆಯುಂಟು, ವಚನಕ್ಕೆ ಶಿವಾನುಭವದ ಗೋಷ್ಠಿಯುಂಟು. ಕಥಾಮಾಲೆಗೆ ನಮ್ಮ ಸೀಮೆಯಲ್ಲಿ ಅಂಥ ವಿಶಾಲವಾದ ಸಭೆಯು ದೊರೆಯಲಿಲ್ಲ. ಶಬ್ದಗಳ ಕಷ್ಟವೂ ಸಣ್ಣದಲ್ಲ. 'ಪಾಪ'ವೆಂದರೆ ನಮ್ಮ ಶಾಸ್ತ್ರದಲ್ಲಿ ಮಾಡಿದ ಕರ್ಮದ ಫಲ. ಅನುಭವದಿಂದಲೋ ಪ್ರಾಯಶ್ಚಿತ್ತದಿಂದಲೋ ಸವೆಯತಕ್ಕದ್ದು. ಕ್ರೈಸ್ತರಲ್ಲಿ ಅದು ಮಾನವಕುಲಕ್ಕೆ ಹುಟ್ಟಿನಿಂದ ಬಂದ ಸ್ಥಿತಿ. 'ಕರ್ತ'ನೆಂಬ ಶಬ್ದವನ್ನು ಕೇಳಿದೊಡನೆ ತಾರ್ಕಿಕನಿಗೆ ಜಗತ್ಕರ್ತನಾದ ಈಶ್ವರನ ಅನುಮಾನವೂ, ವೀರಶೈವನಿಗೆ ಕರ್ತಭೃತ್ಯ ಸಂಬಂಧವೂ ನೆನಪಿಗೆ ಬರುತ್ತವೆ. ಛಂದಸ್ಸನ್ನು ಎರವಲು ತರಬಹುದು. ಶಬ್ದದ ಹಿಂದಿರುವ ಸಂಸ್ಕಾರವನ್ನು ತರಲಾಗದು.

ಗೊಲ್ಗೊಥಾದಲ್ಲಿ ಈ ತೊಡಕಿಲ್ಲ. ಏಕೆಂದರೆ ಅದರ ಆಧಾರವು ಕರುಣರಸ. ನಿರಪರಾಧಿಯಾದ ಒಬ್ಬನು ತನ್ನ ಶಿಲುಬೆಯನ್ನು ಹೊತ್ತು ಬೆಟ್ಟವನ್ನೇರುವ ದೃಶ್ಯಕ್ಕೆ ಕಣ್ಣೀರು ಸುರಿಸುವದಕ್ಕೆ ಯಾವ ದೀಕ್ಷೆಯೂ ಬೇಡ. ಹರಿಶ್ಚಂದ್ರನ ಕಥೆಗೆ ಅತ್ತ ಕಣ್ಣೇ ಸಾಕು. ಬಾಸೆಲ್ಲಿನ ಮಂದಿರಗಳೆಲ್ಲ ನಾಳೆ ಮುಚ್ಚಿದರೂ ಆ ಕರುಣವು ಬತ್ತುವದಿಲ್ಲ.

ಇದರಿಂದ ಆರ್ನಲ್ಡನು ಗೆದ್ದನೆಂದು ತಿಳಿಯಲಾಗದು. ಅಣ್ಣಿಗೇರಿಯ ದೃಷ್ಟಾಂತವು ನಮ್ಮೆದುರಿಗಿದೆ. ಆದಿಕವಿ ಪಂಪನ ತಾಯಿಯ ಮನೆತನದ ಊರಾದ ಅಣ್ಣಿಗೇರಿಯಲ್ಲಿಯೂ, ಅದರ ಸುತ್ತಲಿನ ಬೆಳ್ವೊಲ ನಾಡಿನಲ್ಲಿಯೂ ಒಂದು ಕಾಲಕ್ಕೆ ಜಿನಧರ್ಮವು ಅರಸರ ಧರ್ಮವಾಗಿತ್ತು. 1007ರಲ್ಲಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯನ್ನು ಈಗ ನೋಡುವವರಲ್ಲಿ ಪ್ರವಾಸಿಗಳೇ ಬಹಳ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೂ ಪಂಪನು ಎಲ್ಲ ಮತದವರ ಕವಿಯಾಗಿ ಉಳಿದನು. ಉಳಿದನೆಂಬುದೇನೋ ನಿಜ, ಹೇಗೆ ಉಳಿದನೆಂಬುದನ್ನೂ ಕೇಳಬೇಕು. ಅವನು ಲೌಕಿಕಕ್ಕೆಂದು ವಿಕ್ರಮಾರ್ಜುನವಿಜಯವನ್ನೂ, ಜಿನಾಗಮಕ್ಕೆಂದು ಆದಿಪುರಾಣವನ್ನೂ ಬೇರೆ ಬೇರೆಯಾಗಿ ಬರೆದನು. ಕಾಲವು ಮೊದಲನೆಯದರಲ್ಲಿ ಕರ್ಣನನ್ನು ಮನೆಮಾತಾಗಿಸಿತು. ಎರಡನೆಯದರಲ್ಲಿ ನೀಲಾಂಜನೆಯ ನೃತ್ಯವನ್ನೂ, ಭರತ ಬಾಹುಬಲಿಗಳ ಪ್ರಸಂಗವನ್ನೂ ಆರಿಸಿ ಪಠ್ಯಪುಸ್ತಕಕ್ಕೆ ಕೊಟ್ಟು, ಉಳಿದ ಭವಾವಳಿಗಳನ್ನು ವಿದ್ವಾಂಸರ ಪಾಲಿಗೆ ಬಿಟ್ಟಿತು. ನರ್ತಕಿಯು ಕಣ್ಣೆದುರಿನಲ್ಲಿಯೇ ಮಾಯವಾದುದನ್ನು ಕಂಡು ಅರಸನಿಗೆ ವೈರಾಗ್ಯ ಹುಟ್ಟಿತೆಂಬುದನ್ನು ಇಂದಿನ ವಿದ್ಯಾರ್ಥಿಯು ಸೊಗಸೆಂದು ಒಪ್ಪುತ್ತಾನೆ; ಆದರೆ ಅದನ್ನು ಕೇಳಿ ವ್ರತ ಹಿಡಿದು ಏಳುವ ಶ್ರಾವಕನು ಆ ತರಗತಿಯಲ್ಲಿಲ್ಲ. ಕಾವ್ಯವು ಶ್ರದ್ಧೆಯ ಆಸ್ತಿಯನ್ನು ಕಾಯಬಲ್ಲ ಪಾಲಕನು. ವಾರಸುದಾರನ ಹಕ್ಕು ಅದಕ್ಕಿಲ್ಲ. ಪಾಲಕನಾದವನು ಮನೆಯನ್ನು ಶುಚಿಯಾಗಿ ಇಡಬಲ್ಲನು, ಒಲೆ ಹೊತ್ತಿಸಲಾರನು.

ಇಲ್ಲಿಗೆ ಮತ್ತೆ ನಿಘಂಟಿನ ಮಾತು. ಸುವಾರ್ತೆಯು ಹಿಂದುಳಿದು ನಿಘಂಟು ಉಳಿಯಿತೆಂದು ಹೇಳಿಬಿಟ್ಟರೆ ಅರ್ಧಸತ್ಯವಾದೀತು. ನಿಘಂಟನ್ನು ಬರೆಯಿಸಿದ್ದು ಯಾವದು? ಪರದೇಶದ ಬಿಸಿಲಿನಲ್ಲಿ ದಶಕಗಳವರೆಗೆ ಒಂದೊಂದು ಶಬ್ದಕ್ಕೂ ಹಳೆಯ ಕಾವ್ಯಗಳಿಂದ ಪ್ರಯೋಗವನ್ನು ತೆಗೆದು, ಹಳ್ಳಿಗರ ಬಾಯಿಂದ ಗಾದೆಗಳನ್ನು ಕೂಡಿಸಿ, ತನ್ನದಲ್ಲದ ಭಾಷೆಗೆ ಅನ್ಯಾಯವಾಗದಂತೆ ತೂಗಿ ಬರೆಯುವ ತಾಳ್ಮೆಯು ಸಂಬಳದಿಂದ ಹುಟ್ಟುವಂಥದಲ್ಲ. ತಾನು ಮಾಡುವ ಸಣ್ಣ ಕೆಲಸವನ್ನೂ ಒಬ್ಬನು ನೋಡುತ್ತಿರುವನೆಂಬ ನಂಬಿಕೆಯು ಆ ತಾಳ್ಮೆಯ ಬೇರು. ಖಂಡಿಸಲಿಕ್ಕೆ ಬಂದವನು ಖಂಡ್ಯವಸ್ತುವಿಗೂ ಸುಳ್ಳು ಹೇಳಲಾಗದೆಂಬ ನಿಯಮಕ್ಕೆ ಕಟ್ಟುಬಿದ್ದನು. ಆದುದರಿಂದ ಯುರೋಪಿನಲ್ಲಿ ಶ್ರದ್ಧೆಯು ಬತ್ತಿದರೆ ಅಲ್ಲಿಯ ಮಂದಿರಗಳಷ್ಟೇ ಬರಿದಾಗುವದಿಲ್ಲ. ಇಂಥ ಮನುಷ್ಯರು ಹುಟ್ಟುವ ಒಂದು ಹೊಲವೂ ಬೀಳು ಬೀಳುತ್ತದೆ.

ಶ್ರದ್ಧೆಗೆ ಒಂದೇ ಮತವು ತೌರೆಂದು ಇದರ ಅರ್ಥವಲ್ಲ. ಗೀತೆಯ ಹದಿನೇಳನೆಯ ಅಧ್ಯಾಯವು ಶ್ರದ್ಧೆಯನ್ನು ಮೂರು ಬಗೆಯಾಗಿ ವಿಂಗಡಿಸಿ, ಪುರುಷನು ತನ್ನ ಶ್ರದ್ಧೆ ಎಂಥದೋ ಅಂಥವನೇ ಆಗಿರುವನೆಂದು ಹೇಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು 8 ಸಂಪುಟಗಳಲ್ಲಿ 1970ರಿಂದ 1995ರ ವರೆಗೆ ಹೊರಬಂದಿತು. ಅದರ ಹಿಂದೆ ದುಡಿದ ವಿದ್ವಾಂಸರಿಗೆ ಕನ್ನಡವೇ ದೇವತೆಯಾಗಿತ್ತು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ನೂರನ್ನು ದಾಟಿದ ವಯಸ್ಸಿನಲ್ಲಿಯೂ ಶಬ್ದಗಳನ್ನು ಕುರಿತೇ ಚಿಂತಿಸುತ್ತಿದ್ದರು. ಹಾಗಾದರೆ ನಮ್ಮ ಪ್ರಶ್ನೆಯು ಹೀಗೆ ನಿಲ್ಲುತ್ತದೆ: ಕ್ರಿಸ್ತನ ಮೇಲಣ ಭಕ್ತಿಯಿಂದ ಒಂದು ನಿಘಂಟು, ಕನ್ನಡದ ಮೇಲಣ ಭಕ್ತಿಯಿಂದ ಇನ್ನೊಂದು, ಮೂರನೆಯದು ಯಾವದರ ಭಕ್ತಿಯಿಂದ ಹುಟ್ಟಬೇಕು? ಎರಡೂ ಇಲ್ಲದ ತಲೆಮಾರು ಬಂದರೆ ಶಬ್ದಗಳನ್ನು ಯಂತ್ರಗಳು ಕೂಡಿಸಿಯಾವು. ಆದರೆ ಒಂದು ಶಬ್ದಕ್ಕೆ ಅನ್ಯಾಯವಾಯಿತೆಂದು ರಾತ್ರಿ ನಿದ್ದೆಗೆಡುವವರು ಯಾರು?

ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ರಂಧ್ರವುಳ್ಳ ಒಂದು ಬೈಬಲ್ಲನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಸ್ವಾಮಿಗಳೇ ಅದನ್ನು ಚುಚ್ಚಿದರೆಂದೂ, ಆ ರಂಧ್ರವು ತಾನಾಗಿ ಮುಚ್ಚುತ್ತ ಬರುತ್ತಿರುವದೆಂದೂ ಭಕ್ತರ ನಂಬಿಕೆ. ಶಿಶುನಾಳದ ಶರೀಫ ಸಾಹೇಬರ ಗೆಳೆಯರೆಂದು ಹೆಸರಾದ ಆ ಸ್ವಾಮಿಗಳ ಕಾಲದಲ್ಲಿ, ಕುಂದಗೋಳ ಸೀಮೆಯ ಕಳಸದ ಗೋವಿಂದಭಟ್ಟರು ಮುಸಲ್ಮಾನ ಶಿಷ್ಯನನ್ನು ಸ್ವೀಕರಿಸಿದ ಕಾಲದಲ್ಲಿ, ಪರಮತದ ಗ್ರಂಥವನ್ನು ಎದುರಿಸುವದಕ್ಕೂ ಇಟ್ಟುಕೊಳ್ಳುವದಕ್ಕೂ ಈ ನೆಲಕ್ಕೆ ಧೈರ್ಯವಿತ್ತು. ಮಠದವರು ಅದನ್ನು ಸುಡಲಿಲ್ಲ, ಬಿಸುಡಲಿಲ್ಲ, ಪೂಜ್ಯವಸ್ತುವೆಂದು ಕಾದಿಟ್ಟರು. ಆದರೆ ಪೂಜೆಗೊಳ್ಳುವ ಪುಸ್ತಕವನ್ನು ಯಾರೂ ಓದುವದಿಲ್ಲ. ಬಾಸೆಲ್ಲಿನಲ್ಲಿ ಪೂಜೆಯೂ ಇಲ್ಲದೆ ಓದೂ ಇಲ್ಲದೆ ಅದೇ ಗ್ರಂಥವು ಕಪಾಟಿನಲ್ಲಿ ಕುಳಿತಿರುವದು. ಎರಡೂ ಕಡೆಗಳಲ್ಲಿ ಗ್ರಂಥದ ಪಾಲಿಗೆ ಬಂದದ್ದು ಮೌನವೇ.

ಓದುಬಲ್ಲ ಮನೆಗಳ ಕರ್ತವ್ಯವು ಇದರಿಂದ ಸ್ಪಷ್ಟವಾಗುತ್ತದೆ. ಕಥಾಮಾಲೆಯನ್ನೂ, ಕನ್ನಡ ಬೈಬಲ್ಲನ್ನೂ ಪಾದ್ರಿಗಳ ಕನ್ನಡವೆಂದು ನಕ್ಕು ಬದಿಗಿಡದೆ, ಆದಿಪುರಾಣದಂತೆ, ಬಸವಪುರಾಣದಂತೆ, ನಮ್ಮ ಭಾಷೆಯು ಹಾದುಬಂದ ಒಂದು ಹಾದಿಯೆಂದು ಓದಿ ಗುಣದೋಷಗಳನ್ನು ತೂಗತಕ್ಕದ್ದು. ಪೂರ್ವಪಕ್ಷವೆಂದು ಎಣಿಸಿದರೂ ಸರಿಯೆ, ಕಿಟ್ಟೆಲರು ನಮ್ಮ ಪೂರ್ವಪಕ್ಷಕ್ಕೆ ತೋರಿಸಿದಷ್ಟು ಪ್ರಾಮಾಣಿಕತೆಯನ್ನು ನಾವು ಅವರ ಸಿದ್ಧಾಂತಕ್ಕೆ ತೋರಿಸಿದರೆ ಆ ಋಣದಲ್ಲಿ ಒಂದಂಶವಾದರೂ ತೀರೀತು.